ಗ್ಯಾಸ್ ಟರ್ಬೈನ್ ಸ್ಥಾವರದ ಇಂಗಾಲದ ಡೈಆಕ್ಸೈಡ್ ತಗ್ಗಿಸುವ ಬಗೆ: ಕೊಡಗಿನಿಂದ ಕೆಲಸಕ್ಕೆ ಹೊರಟ ಎಂಜಿನಿಯರುಗಳಿಗೆ ಒಂದು ಕೈಪಿಡಿ

ಕೊಡಗು ಜಿಲ್ಲೆಯಲ್ಲಿ ಗ್ಯಾಸ್ ಟರ್ಬೈನ್ ವಿದ್ಯುತ್ ಸ್ಥಾವರ ಒಂದೂ ಇಲ್ಲ. ನಮ್ಮ ಮನೆಗಳಿಗೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಒದಗಿಸುವ ಕರೆಂಟು ರಾಜ್ಯದ ವಿದ್ಯುತ್ ಜಾಲದಿಂದ ಬರುತ್ತದೆ, ಆಷಾಢದ ಗಾಳಿಗೆ ತಂತಿಯ ಮೇಲೆ ಮರ ಬಿದ್ದ ದಿನ ಬರುವುದೂ ಇಲ್ಲ. ಆದರೆ ಪೊನ್ನಂಪೇಟೆ ಮತ್ತು ಕುಶಾಲನಗರದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮೆಕ್ಯಾನಿಕಲ್ ಓದಿದವರಿಗೆ ಇಂತಹ ಸ್ಥಾವರಗಳು ದೂರದ ವಸ್ತುವಲ್ಲ. ಕರ್ನಾಟಕ ವಿದ್ಯುತ್ ನಿಗಮದ 370 ಮೆಗಾವ್ಯಾಟ್ ಸ್ಥಾವರ ಯಲಹಂಕದಲ್ಲಿದೆ, ಕೊಲ್ಲಿ ರಾಷ್ಟ್ರಗಳಲ್ಲಂತೂ ವಿದ್ಯುತ್ತಿನ ಬಹುಪಾಲು ಅನಿಲದಿಂದಲೇ ಹುಟ್ಟುತ್ತದೆ. ಅಂತಹ ಕಡೆ ಶಿಫ್ಟ್ ಎಂಜಿನಿಯರಾಗಿ ಸೇರುವವರಿಗೆ, ಹೊಗೆಯಲ್ಲಿ ಹೋಗುವ ಇಂಗಾಲದ ಡೈಆಕ್ಸೈಡನ್ನು ತಗ್ಗಿಸಲು ಏನು ಮಾಡಬಹುದು, ಯಾವುದನ್ನು ಮೊದಲು ಮಾಡಬೇಕು, ಯಾವುದಕ್ಕೆ ಆತುರಪಡಬಾರದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಈ ವಿಷಯದಲ್ಲಿ ಕ್ರಮವೇ ಮುಖ್ಯವೆಂದು ನನ್ನ ಅಭಿಪ್ರಾಯ. ಜಲಜನಕ, ಇಂಗಾಲ ಹಿಡಿಯುವ ಘಟಕ ಎಂಬ ದೊಡ್ಡ ಮಾತುಗಳು ಸಭೆಗಳಲ್ಲಿ ಬೇಗ ಬರುತ್ತವೆ. ಅದೇ ಸ್ಥಾವರದಲ್ಲಿ ಉರಿಯುವ ಜಾಗಕ್ಕೆ ಗಾಳಿಯನ್ನು ಒತ್ತಿ ಕಳಿಸುವ ಕಂಪ್ರೆಸರಿನ ರೆಕ್ಕೆಗಳು ಕೊಳೆ ಹಿಡಿದಿರುತ್ತವೆ, ಹೊಗೆಯ ದಾರಿಯ ಬಾಗಿಲಾದ ಡ್ಯಾಂಪರ್ ಸೋರುತ್ತಿರುತ್ತದೆ, ಹೊಗೆಯ ಶಾಖ ಆಕಾಶಕ್ಕೆ ಹೋಗುತ್ತಿರುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಸುಡುವ ಅನಿಲವನ್ನು ಮೊದಲು ಇಳಿಸಿ, ಉಳಿದದ್ದನ್ನು ಆಮೇಲೆ ನೋಡಬೇಕು. ದುಂದಾಗಿ ಸುಟ್ಟ ಅನಿಲದ ಹೊಗೆಯನ್ನು ದುಬಾರಿ ಯಂತ್ರದಲ್ಲಿ ತೊಳೆಯುವುದು ಜಾಣತನವಲ್ಲ.

ಲೆಕ್ಕ

ನೈಸರ್ಗಿಕ ಅನಿಲದ ಬಹುಪಾಲು ಮೀಥೇನ್. 16 ಕಿಲೋ ಮೀಥೇನ್ ಪೂರ್ತಿ ಉರಿದರೆ 44 ಕಿಲೋ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಅಂದರೆ ಕಿಲೋಗೆ 2.75 ಕಿಲೋ. ದಿನದ ಕೆಲಸಕ್ಕೆ ಇದಕ್ಕಿಂತ ಅನುಕೂಲವಾದದ್ದು ಶಾಖದ ಲೆಕ್ಕ. ನಿವ್ವಳ ಶಾಖಮೌಲ್ಯದ ಆಧಾರದಲ್ಲಿ ಒಂದು ಗಿಗಾಜೂಲ್ ನೈಸರ್ಗಿಕ ಅನಿಲ ಸುಮಾರು 56.1 ಕಿಲೋ ಇಂಗಾಲದ ಡೈಆಕ್ಸೈಡ್ ಕೊಡುತ್ತದೆ. ಒಂದು ಯೂನಿಟ್ ಎಂದರೆ 3.6 ಮೆಗಾಜೂಲ್ ಆದ್ದರಿಂದ, ಒಂದು ಯೂನಿಟ್‌ನಷ್ಟು ಶಾಖಕ್ಕೆ ಸುಮಾರು 202 ಗ್ರಾಂ ಆಯಿತು. ಇದನ್ನು ಸ್ಥಾವರದ ದಕ್ಷತೆಯಿಂದ ಭಾಗಿಸಿದರೆ ಒಂದು ಯೂನಿಟ್ ವಿದ್ಯುತ್ತಿಗೆ ಹುಟ್ಟುವ ಇಂಗಾಲದ ಡೈಆಕ್ಸೈಡಿನ ತೂಕ ಸಿಗುತ್ತದೆ. ಬಿಸಿ ಹೊಗೆಯನ್ನು ಹಾಗೆಯೇ ಹೊರಬಿಡುವ, ಶೇ 34 ದಕ್ಷತೆಯ ತೆರೆದ ಚಕ್ರದ ಯಂತ್ರಕ್ಕೆ 594 ಗ್ರಾಂ, ಆ ಹೊಗೆಯ ಶಾಖದಿಂದ ಸ್ಟೀಮ್ ಮಾಡಿ ಇನ್ನಷ್ಟು ವಿದ್ಯುತ್ತು ತೆಗೆಯುವ, ಶೇ 55 ದಕ್ಷತೆಯ ಸಂಯುಕ್ತ ಚಕ್ರಕ್ಕೆ 367 ಗ್ರಾಂ, ಶೇ 64 ಮುಟ್ಟಿದ ಇಂದಿನ ಅತ್ಯುತ್ತಮ ಸ್ಥಾವರಕ್ಕೆ 316 ಗ್ರಾಂ. 1939ರಲ್ಲಿ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಲ್ಲಿ ಓಡಿದ, ಸಾರ್ವಜನಿಕ ವಿದ್ಯುತ್ತಿಗೆಂದು ಕಟ್ಟಿದ ಮೊದಲ ಗ್ಯಾಸ್ ಟರ್ಬೈನಿನ ದಕ್ಷತೆ ಶೇ 17.4 ಇತ್ತು ಎಂಬುದನ್ನು ನೆನೆದರೆ, ಈ ಯಂತ್ರ ಎಷ್ಟು ದೂರ ಬಂದಿದೆ ಎಂದು ಗೊತ್ತಾಗುತ್ತದೆ.

ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಅನಿಲದ ಶಾಖಮೌಲ್ಯವನ್ನು ಎರಡು ರೀತಿಯಲ್ಲಿ ಹೇಳುತ್ತಾರೆ. ಉರಿದಾಗ ಹುಟ್ಟಿದ ನೀರಾವಿ ತಣ್ಣಗಾಗಿ ಬಿಟ್ಟುಕೊಡುವ ಶಾಖವನ್ನೂ ಸೇರಿಸಿದರೆ ಸ್ಥೂಲ ಮೌಲ್ಯ, ಬಿಟ್ಟರೆ ನಿವ್ವಳ ಮೌಲ್ಯ. ಮೀಥೇನಿಗೆ ಇವೆರಡರ ನಡುವೆ ಸುಮಾರು ಶೇ 11ರ ಅಂತರವಿದೆ. ಟರ್ಬೈನ್ ತಯಾರಕರು ನಿವ್ವಳ ಮೌಲ್ಯದಲ್ಲಿ ಮಾತಾಡುತ್ತಾರೆ, ಅನಿಲದ ಬಿಲ್ಲು ಸಾಮಾನ್ಯವಾಗಿ ಸ್ಥೂಲ ಮೌಲ್ಯದಲ್ಲಿರುತ್ತದೆ. ತಯಾರಕರ ಶೇ 55, ಬಿಲ್ಲಿನ ಲೆಕ್ಕದಲ್ಲಿ ಶೇ 49.6 ಆಗುತ್ತದೆ; ಯಂತ್ರವೇನೂ ಕೆಟ್ಟಿರುವುದಿಲ್ಲ. 56.1 ಎಂಬ ಅಂಕಿಯನ್ನು ಸ್ಥೂಲ ಮೌಲ್ಯದ ಗಿಗಾಜೂಲಿಗೆ ಗುಣಿಸಿದರೆ ಇಲ್ಲದ ಹೊಗೆಯನ್ನು ಲೆಕ್ಕಕ್ಕೆ ಹಿಡಿದಂತಾಗುತ್ತದೆ. ಆದ್ದರಿಂದ ಲಾಗ್‌ಬುಕ್ಕಿನ ಪ್ರತಿ ಹೀಟ್ ರೇಟ್ (ಒಂದು ಯೂನಿಟ್ ವಿದ್ಯುತ್ತಿಗೆ ಬೇಕಾಗುವ ಶಾಖ) ಅಂಕಿಯ ಪಕ್ಕದಲ್ಲಿ ಅದು ಯಾವ ಮೌಲ್ಯದ ಮೇಲಿನದ್ದು ಎಂದು ಬರೆಯುವ ರೂಢಿ ಇಟ್ಟುಕೊಳ್ಳಬೇಕು.

ನಮ್ಮ ದೇಶದ ಸ್ಥಾವರಗಳಲ್ಲಿ ಹೀಟ್ ರೇಟನ್ನು ಯೂನಿಟ್ಟಿಗೆ ಇಷ್ಟು ಕಿಲೋಕ್ಯಾಲೊರಿ ಎಂದು ಹೇಳುತ್ತಾರೆ. 860ನ್ನು ದಕ್ಷತೆಯಿಂದ ಭಾಗಿಸಿದರೆ ಅದು ಸಿಗುತ್ತದೆ: ಶೇ 34ಕ್ಕೆ 2,529, ಶೇ 55ಕ್ಕೆ 1,564. ಇದನ್ನು ಅಳೆಯಲು ತಪಾಸಣೆಯಾದ ಅನಿಲ ಮೀಟರ್, ಅನಿಲದ ಸಂಯೋಜನೆ ತಿಳಿಸುವ ಕ್ರೊಮಟೋಗ್ರಾಫ್, ಜಾಲಕ್ಕೆ ಹೋದ ನಿವ್ವಳ ವಿದ್ಯುತ್ತಿನ ಮೀಟರ್ ಮೂರೂ ಸರಿಯಿರಬೇಕು. ಬಂದ ಅಂಕಿಯನ್ನು ಆ ದಿನದ ಗಾಳಿಯ ಉಷ್ಣತೆ, ಒತ್ತಡ, ತೇವಕ್ಕೆ ತಕ್ಕಂತೆ ತಿದ್ದಿ, ತಯಾರಕರು ಬಳಸುವ 15 ಡಿಗ್ರಿ ಸೆಲ್ಸಿಯಸ್, ಶೇ 60 ತೇವ, ಸಮುದ್ರಮಟ್ಟದ ಒತ್ತಡ ಎಂಬ ಮಾನಕ ಸ್ಥಿತಿಗೆ ತಂದರೆ ಮಾತ್ರ ಕಳೆದ ವರ್ಷದ ಅಂಕಿಯೊಡನೆ ಹೋಲಿಸಬಹುದು. ತಿದ್ದದ ಅಂಕಿ ಮಾರ್ಚಿನಲ್ಲಿ ಗಾಬರಿ ಹುಟ್ಟಿಸುತ್ತದೆ, ಡಿಸೆಂಬರಿನಲ್ಲಿ ಸುಮ್ಮನೆ ಸಮಾಧಾನ ಕೊಡುತ್ತದೆ.

ಶೇ 1 ಎಂದರೆ ಸಣ್ಣದೆನಿಸಬಹುದು. 370 ಮೆಗಾವ್ಯಾಟ್ ಸ್ಥಾವರವೊಂದು ಶೇ 55 ದಕ್ಷತೆಯಲ್ಲಿ ಪೂರ್ತಿ ಲೋಡಿನಲ್ಲಿ ಓಡಿದರೆ ಗಂಟೆಗೆ ಸುಮಾರು 136 ಟನ್ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಹೀಟ್ ರೇಟ್ ಶೇ 1 ಸುಧಾರಿಸಿದರೆ ಗಂಟೆಗೆ ಒಂದೂಕಾಲು ಟನ್ನಿಗೂ ಹೆಚ್ಚು ಉಳಿಯುತ್ತದೆ, ಅನಿಲದ ಬಿಲ್ಲೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ.

ಕಂಪ್ರೆಸರ್ ತೊಳೆಯುವುದು

ಟರ್ಬೈನ್ ಹುಟ್ಟಿಸುವ ಶಕ್ತಿಯಲ್ಲಿ ಅರ್ಧಕ್ಕೂ ಹೆಚ್ಚು ಪಾಲನ್ನು ಅದರದೇ ಕಂಪ್ರೆಸರ್ ತಿನ್ನುತ್ತದೆ. ಹಾಗಾಗಿ ಕಂಪ್ರೆಸರಿನ ರೆಕ್ಕೆಗಳ ಮೇಲೆ ಧೂಳು, ಎಣ್ಣೆಯ ಆವಿ, ಉಪ್ಪು ಕೂತು ಪದರ ಕಟ್ಟಿದರೆ ಎಳೆಯುವ ಗಾಳಿ ಕಡಿಮೆಯಾಗುತ್ತದೆ, ಅದೇ ವಿದ್ಯುತ್ತಿಗೆ ಹೆಚ್ಚು ಅನಿಲ ಬೇಕಾಗುತ್ತದೆ. ಮರಳಿ ಪಡೆಯಬಹುದಾದ ನಷ್ಟಗಳಲ್ಲಿ ದೊಡ್ಡ ಪಾಲು ಈ ಕೊಳೆಯದು. ಅದರ ಮೊದಲ ಗುರುತು, ಅದೇ ವೇಗ ಮತ್ತು ಅದೇ ಗಾಳಿಯ ಉಷ್ಣತೆಯಲ್ಲಿ ಕಂಪ್ರೆಸರಿನಿಂದ ಹೊರಬರುವ ಗಾಳಿಯ ಒತ್ತಡ ವಾರದಿಂದ ವಾರಕ್ಕೆ ಇಳಿಯುತ್ತ ಹೋಗುವುದು.

ತೊಳೆಯುವ ಬಗೆ ಎರಡು. ಯಂತ್ರ ಓಡುತ್ತಿರುವಾಗಲೇ ಗಾಳಿ ಎಳೆಯುವ ಬಾಯಿಗೆ ಶುದ್ಧ ಡಿಎಂ ನೀರನ್ನು (ಲವಣಗಳನ್ನು ತೆಗೆದ ನೀರು) ಸಣ್ಣ ಹನಿಗಳಾಗಿ ಸಿಂಪಡಿಸುವುದು ಆನ್‌ಲೈನ್ ವಾಷ್. ಅದು ಮೊದಲ ಕೆಲವು ಸಾಲು ರೆಕ್ಕೆಗಳನ್ನಷ್ಟೇ ಚೊಕ್ಕ ಇಡುತ್ತದೆ, ಗಟ್ಟಿಯಾಗಿ ಅಂಟಿದ್ದನ್ನು ಬಿಡಿಸಲಾರದು. ನಿಜವಾದ ತೊಳೆತ ನಡೆಯುವುದು ಯಂತ್ರ ನಿಲ್ಲಿಸಿ ಮಾಡುವ ಆಫ್‌ಲೈನ್ ವಾಷ್‌ನಲ್ಲಿ. ಇದರಲ್ಲಿ ಅವಸರ ಸಲ್ಲದು. ಒಳಗಿನ ಲೋಹದ ಉಷ್ಣತೆ ತಯಾರಕರು ಹೇಳಿದ ಮಿತಿಗಿಂತ ಕೆಳಗೆ ಇಳಿಯುವವರೆಗೆ ಕಾಯಬೇಕು, ಇಲ್ಲವಾದರೆ ಬಿಸಿ ಲೋಹದ ಮೇಲೆ ತಣ್ಣೀರು ಬಿದ್ದು ಬಿರುಕು ಬರುವ ಭಯವಿದೆ. ಬಳಿಕ ಒತ್ತಡ ಅಳೆಯುವ ಸಣ್ಣ ಕೊಳವೆಗಳನ್ನು ಮುಚ್ಚಿ, ಕೆಳಗಿನ ಡ್ರೈನ್ ವಾಲ್ವುಗಳನ್ನು ತೆರೆದು, ಸ್ಟಾರ್ಟಿಂಗ್ ಮೋಟಾರಿನಿಂದ ರೋಟರನ್ನು ನಿಧಾನ ತಿರುಗಿಸುತ್ತ ಸಾಬೂನಿನ ದ್ರಾವಣ ಸಿಂಪಡಿಸಬೇಕು. ಅದು ಕೊಳೆಗೆ ಇಳಿಯಲು ಬಿಟ್ಟು, ಆಮೇಲೆ ಡಿಎಂ ನೀರಿನಲ್ಲಿ ಮತ್ತೆ ಮತ್ತೆ ಜಾಲಾಡಿಸಬೇಕು. ಮೊದಲು ಡ್ರೈನಿನಲ್ಲಿ ಕಪ್ಪು ಬಣ್ಣದ ನೊರೆನೀರು ಬರುತ್ತದೆ, ಬರಬರುತ್ತ ತಿಳಿಯಾಗುತ್ತದೆ. ಕಣ್ಣಿಗೆ ತಿಳಿಯಾಗಿ ಕಂಡ ಮಾತ್ರಕ್ಕೆ ನಿಲ್ಲಿಸದೆ, ಹೊರಬರುವ ನೀರಿನ ವಾಹಕತೆಯನ್ನು ಮೀಟರಿನಲ್ಲಿ ಅಳೆದು, ಅದು ಒಳಹೋಗುವ ನೀರಿನ ವಾಹಕತೆಗೆ ಹತ್ತಿರ ಬಂದ ಮೇಲೆ ನಿಲ್ಲಿಸಬೇಕು. ಉಳಿದ ಸಾಬೂನು ಮತ್ತು ಉಪ್ಪು ಮುಂದೆ ಬಿಸಿ ಭಾಗಗಳಿಗೆ ಹೋಗಿ ತುಕ್ಕಿಗೆ ಕಾರಣವಾಗುತ್ತವೆ. ಕೊನೆಗೆ ಒಣಗಿಸಿ, ಮುಚ್ಚಿದ ಕೊಳವೆಗಳನ್ನು ತೆರೆದದ್ದನ್ನು ಪಟ್ಟಿ ಹಿಡಿದು ಖಚಿತಪಡಿಸಿಕೊಂಡು ಯಂತ್ರವನ್ನು ಚಾಲೂ ಮಾಡಬೇಕು.

ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು ಎಂಬುದಕ್ಕೆ ಕ್ಯಾಲೆಂಡರ್ ನೋಡಬಾರದು. ಕೊಳೆಯಿಂದ ದಿನಕ್ಕೆ ಆಗುತ್ತಿರುವ ಅನಿಲದ ನಷ್ಟವನ್ನು, ಯಂತ್ರ ನಿಲ್ಲಿಸುವುದರಿಂದ ಆಗುವ ನಷ್ಟದ ಜೊತೆ ತೂಗಿ ನಿರ್ಧರಿಸಬೇಕು. ಜಾಲ ಹೇಗೂ ಯಂತ್ರವನ್ನು ಕೇಳದ ದಿನ ಇದಕ್ಕೆ ಪ್ರಶಸ್ತ.

ಬಾಯಿಯಲ್ಲಿರುವ ಫಿಲ್ಟರ್ ಒಳ್ಳೆಯದಾದಷ್ಟೂ ತೊಳೆಯುವ ಕೆಲಸ ಕಡಿಮೆ. ಆದರೆ ಬಿಗಿಯಾದ ಫಿಲ್ಟರ್ ಗಾಳಿಯನ್ನು ತಡೆಯುತ್ತದೆ: ಒಳಬರುವ ದಾರಿಯಲ್ಲಿ ಸುಮಾರು 100 ಮಿಲಿಮೀಟರ್ ನೀರಿನ ಕಂಬದಷ್ಟು ಹೆಚ್ಚುವರಿ ತಡೆ ಉಂಟಾದರೆ ಉತ್ಪಾದನೆ ಶೇ 1.5ರ ಆಸುಪಾಸು ಕುಸಿಯುತ್ತದೆ, ಯೂನಿಟ್ಟಿಗೆ ಇಂಧನ ಶೇ 0.5ರಷ್ಟು ಹೆಚ್ಚು ಬೇಕಾಗುತ್ತದೆ. ಕರಾವಳಿಯಲ್ಲಿ ಮಳೆ ಹಿಡಿದ ದಿನ ಒದ್ದೆಯಾದ ಫಿಲ್ಟರಿನ ತಡೆ ರಾತ್ರೋರಾತ್ರಿ ಏರುವುದುಂಟು. ಮಳೆನೀರನ್ನು ಮುಂದೆಯೇ ಬೇರ್ಪಡಿಸುವ ಹಂತ ಸರಿಯಿದೆಯೇ ಎಂಬುದನ್ನು ಮೇ ತಿಂಗಳಲ್ಲೇ ನೋಡಿಟ್ಟುಕೊಳ್ಳಬೇಕು.

ಗಾಳಿ: ಮಡಿಕೇರಿ, ಕಲಬುರಗಿ, ಮಂಗಳೂರು

ಗ್ಯಾಸ್ ಟರ್ಬೈನಿಗೆ ತಣ್ಣನೆಯ, ದಟ್ಟವಾದ ಗಾಳಿ ಬೇಕು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಯಂತ್ರಕ್ಕೆ ತಕ್ಕಂತೆ ಉತ್ಪಾದನೆ ಶೇ 0.5ರಿಂದ 0.9ರವರೆಗೆ ಇಳಿಯುತ್ತದೆ. ನಮ್ಮ ಮಡಿಕೇರಿಯನ್ನೇ ಉದಾಹರಣೆಯಾಗಿ ತೆಗೆದುಕೊಂಡರೆ ವಿಷಯ ಸ್ವಾರಸ್ಯವಾಗುತ್ತದೆ. ಅಲ್ಲಿನ ಗಾಳಿ ಬಯಲುಸೀಮೆಗಿಂತ ತಂಪು, ಆದರೆ ಊರು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಶೇ 12-13ರಷ್ಟು ಕಡಿಮೆಯಾದ್ದರಿಂದ ಅಲ್ಲಿ ಯಂತ್ರವೊಂದನ್ನು ಇಟ್ಟರೆ ಉತ್ಪಾದನೆಯೂ ಸುಮಾರು ಅಷ್ಟೇ ಇಳಿಯುತ್ತದೆ. ದಕ್ಷತೆ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ, ಏಕೆಂದರೆ ಗಾಳಿ ತೆಳುವಾದಷ್ಟೇ ಪ್ರಮಾಣದಲ್ಲಿ ಇಂಧನವೂ ಕಡಿಮೆ ಸಾಕು. ಎತ್ತರ ಮೆಗಾವ್ಯಾಟ್ ಕದಿಯುತ್ತದೆ, ಯೂನಿಟ್ಟಿನ ಹೊಗೆಯನ್ನು ಹೆಚ್ಚಿಸುವುದಿಲ್ಲ.

ಬಿಸಿ ಗಾಳಿಯನ್ನು ನೀರಿನ ಆವಿಯಿಂದ ತಂಪು ಮಾಡುವ ಉಪಕರಣಕ್ಕೆ ಹಣ ಹಾಕುವ ಮುನ್ನ ಊರಿನ ತೇವವನ್ನು ನೋಡಬೇಕು. ಏಪ್ರಿಲ್ ಮಧ್ಯಾಹ್ನ ಕಲಬುರಗಿಯಲ್ಲಿ 40 ಡಿಗ್ರಿ ಬಿಸಿಲು, ಶೇ 20 ತೇವ ಇದ್ದರೆ ಒಳ್ಳೆಯ ಉಪಕರಣವು ಗಾಳಿಯನ್ನು 25-26 ಡಿಗ್ರಿಗೆ ಇಳಿಸಬಲ್ಲದು. ಉತ್ಪಾದನೆ ಶೇ 10ರಷ್ಟು ಮರಳಿ ಬರುತ್ತದೆ. ಜುಲೈಯಲ್ಲಿ ಮಂಗಳೂರಿನಲ್ಲಿ ಅದೇ ಉಪಕರಣ ಒಂದು ಡಿಗ್ರಿ ಇಳಿಸಿದರೆ ಹೆಚ್ಚು. ಇನ್ನೊಂದು ಮಾತೂ ಇದೆ. ತಂಪುಗಾಳಿಯಿಂದ ತೆರೆದ ಚಕ್ರದ ದಕ್ಷತೆ ತುಸು ಸುಧಾರಿಸುತ್ತದೆ, ಸಂಯುಕ್ತ ಚಕ್ರದಲ್ಲಿ ಅದು ಹೆಚ್ಚು ಬದಲಾಗುವುದಿಲ್ಲ. ಮಾರಾಟಗಾರರು ಮೆಗಾವ್ಯಾಟ್ ಲಾಭವನ್ನು ಇಂಗಾಲದ ಲಾಭವೆಂಬಂತೆ ತೋರಿಸಿದರೆ ಹೀಟ್ ರೇಟಿನ ಅಂಕಿಯನ್ನು ಬೇರೆಯಾಗಿ ಕೇಳಿ ಪಡೆಯಬೇಕು.

ಹೊಗೆಯ ಶಾಖ

ಇಡೀ ವಿಷಯದಲ್ಲಿ ಅತಿ ದೊಡ್ಡ ಗಳಿಕೆ ಇರುವುದು ಇಲ್ಲಿ. ಟರ್ಬೈನಿನಿಂದ ಹೊರಬರುವ ಹೊಗೆ 500ರಿಂದ 640 ಡಿಗ್ರಿಯವರೆಗೆ ಬಿಸಿ ಇರುತ್ತದೆ. ನಮ್ಮ ಹಳೆಯ ಮನೆಗಳ ಮಣ್ಣಿನ ಒಲೆಯಲ್ಲಿ ಮುಂದಿನ ಬಾಯಿಯ ಮೇಲೆ ಅನ್ನ ಬೇಯುತ್ತಿರುವಾಗ ಅದೇ ಉರಿ ಒಳಗಿನಿಂದ ಹಾದು ಹಿಂದಿನ ಬಾಯಿಯ ಪಾತ್ರೆಯಲ್ಲಿ ನೀರು ಕಾಯಿಸುವಂತೆ, ಸಂಯುಕ್ತ ಚಕ್ರದ ಸ್ಥಾವರದಲ್ಲಿ ಈ ಹೊಗೆ ಎಚ್‌ಆರ್‌ಎಸ್‌ಜಿ ಎಂಬ ಬಾಯ್ಲರನ್ನು ಹಾದು ಸ್ಟೀಮ್ ಮಾಡುತ್ತದೆ, ಆ ಸ್ಟೀಮ್ ಇನ್ನೊಂದು ಟರ್ಬೈನನ್ನು ತಿರುಗಿಸುತ್ತದೆ. ಹೆಚ್ಚುವರಿ ಇಂಧನವಿಲ್ಲದೆ ಗ್ಯಾಸ್ ಟರ್ಬೈನ್ ಕೊಡುವುದರ ಅರ್ಧದಷ್ಟು ವಿದ್ಯುತ್ತು ಮತ್ತೆ ಸಿಗುತ್ತದೆ. ಶೇ 34ರ ತೆರೆದ ಚಕ್ರದಲ್ಲಿ ವರ್ಷಕ್ಕೆ 30 ಕೋಟಿ ಯೂನಿಟ್ ಉತ್ಪಾದಿಸುವ ಸ್ಥಾವರ ಸುಮಾರು 1,78,000 ಟನ್ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅದನ್ನು ಶೇ 51ರ ಸಂಯುಕ್ತ ಚಕ್ರವಾಗಿ ಬದಲಿಸಿ ಅಷ್ಟೇ ಯೂನಿಟ್ ಉತ್ಪಾದಿಸಿದರೆ 1,19,000 ಟನ್ನಿಗೆ ಇಳಿಯುತ್ತದೆ. ಮೂರರಲ್ಲಿ ಒಂದು ಪಾಲು ಹೋಯಿತು.

ಈಗಾಗಲೇ ಸಂಯುಕ್ತ ಚಕ್ರ ಇರುವ ಕಡೆ ಎಂಜಿನಿಯರ್ ಮೊದಲು ನೋಡಬೇಕಾದದ್ದು ಡೈವರ್ಟರ್ ಡ್ಯಾಂಪರ್. ಬಾಯ್ಲರ್ ಬೇಡವಾದಾಗ ಹೊಗೆಯನ್ನು ನೇರವಾಗಿ ಬೈಪಾಸ್ ಚಿಮಣಿಗೆ ತಿರುಗಿಸುವ ಈ ದೊಡ್ಡ ಬಾಗಿಲು ವರ್ಷಗಳ ಬಿಸಿಗೆ ಸೊಟ್ಟಗಾಗುತ್ತದೆ, ಅಂಚಿನ ಸೀಲ್ ತಗಡುಗಳು ಕಿತ್ತುಹೋಗುತ್ತವೆ. ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಮುಚ್ಚಿದೆ ಎಂದೇ ತೋರಿಸುತ್ತದೆ, ಆದರೆ ಬೈಪಾಸ್ ಚಿಮಣಿಯ ಒಳಗೆ ಉಷ್ಣತೆ ಅಳೆದರೆ ಅಥವಾ ಹೊರಗೋಡೆಯನ್ನು ಶಾಖದ ಕ್ಯಾಮೆರಾದಲ್ಲಿ ನೋಡಿದರೆ ಬಿಸಿ ಹೊಗೆ ನುಸುಳುತ್ತಿರುವುದು ಕಾಣುತ್ತದೆ. ಹೊಗೆಯ ಶೇ 2 ಸೋರಿದರೆ ಸ್ಟೀಮ್ ಟರ್ಬೈನಿನ ಉತ್ಪಾದನೆಯೂ ಹೆಚ್ಚುಕಡಿಮೆ ಅಷ್ಟು ಹೋಯಿತು. ಡ್ಯಾಂಪರಿನ ಅಂಚಿಗೆ ಗಾಳಿ ಊದಿ ಹೊಗೆ ನುಸುಳದಂತೆ ತಡೆಯುವ ಸೀಲ್ ಗಾಳಿ ಫ್ಯಾನ್ ಓಡುತ್ತಿದೆಯೇ ಎಂಬುದನ್ನೂ ಅದೇ ಸುತ್ತಿನಲ್ಲಿ ನೋಡಬೇಕು, ಕರೆಂಟು ಉಳಿಸುತ್ತೇವೆಂದು ಅದನ್ನು ಆರಿಸಿಟ್ಟರೆ ಉಳಿಸಿದ್ದಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತೇವೆ.

ಎರಡನೆಯದು ಡ್ರೈನ್ ವಾಲ್ವುಗಳು. ಸ್ಟಾರ್ಟ್ ಮಾಡುವಾಗ ತೆರೆದು ಆಮೇಲೆ ಮುಚ್ಚುವ ಅಧಿಕ ಒತ್ತಡದ ವಾಲ್ವುಗಳು ಪೂರ್ತಿ ಕೂರದೆ, ಟರ್ಬೈನಿಗೆ ಹೋಗಬೇಕಾದ ಸ್ಟೀಮನ್ನು ನೇರ ಕಂಡೆನ್ಸರಿಗೆ (ಸ್ಟೀಮನ್ನು ತಣಿಸಿ ನೀರಾಗಿಸುವ ಉಪಕರಣಕ್ಕೆ) ಬಿಡುತ್ತಿರುತ್ತವೆ. ವಾಲ್ವು ದಾಟಿದ ಮೇಲಿನ ಕೊಳವೆಯ ಉಷ್ಣತೆ ನೋಡಿದರೆ ಗುಟ್ಟು ರಟ್ಟಾಗುತ್ತದೆ. ಕಂಡೆನ್ಸರಿನ ವ್ಯಾಕ್ಯೂಮ್, ಕೂಲಿಂಗ್ ಟವರಿನ ಸ್ಥಿತಿ, ಬಾಯ್ಲರ್ ಕೊಳವೆಗಳ ಹೊರಗಿನ ಕೊಳೆ ಇವುಗಳಿಗೂ ಇದೇ ಬಗೆಯ ಗಮನ ಬೇಕು. ನೈಸರ್ಗಿಕ ಅನಿಲದಲ್ಲಿ ಗಂಧಕ ಬಹಳ ಕಡಿಮೆಯಾದ್ದರಿಂದ ಚಿಮಣಿಯ ಹೊಗೆಯನ್ನು 80-100 ಡಿಗ್ರಿಯವರೆಗೆ ತಣಿಸಬಹುದು. ಅದಕ್ಕಿಂತ ಬಹಳ ಬಿಸಿಯಾಗಿ ಹೋಗುತ್ತಿದ್ದರೆ ಬಾಯ್ಲರಿನ ಕೊನೆಯ ಭಾಗದಲ್ಲಿ ಇನ್ನಷ್ಟು ಕೊಳವೆಗಳಿಗೆ ಅವಕಾಶ ಇದೆಯೇ ಎಂದು ವಿಚಾರಿಸಬೇಕು. ಬಾಯ್ಲರಿನ ಬಿಸಿನೀರಿನಿಂದ ಇಂಧನ ಅನಿಲವನ್ನೇ 185 ಡಿಗ್ರಿಯವರೆಗೆ ಕಾಯಿಸಿ ಉರಿಸುವ ಪದ್ಧತಿಯೂ ದೊಡ್ಡ ಯಂತ್ರಗಳಲ್ಲಿ ಇದೆ. ದಕ್ಷತೆ ಹೆಚ್ಚುವುದು ಶೇ 1ಕ್ಕಿಂತ ಕಡಿಮೆಯೇ ಆದರೂ ಅದು ವರ್ಷವಿಡೀ ಸಿಗುವ ಲಾಭ.

ಹೊಗೆಯ ಶಾಖವನ್ನು ಕಾರ್ಖಾನೆಯೊಂದಕ್ಕೆ ನೇರವಾಗಿ ಕೊಟ್ಟರೆ ಇಂಧನದ ಶೇ 80ರಷ್ಟು ಬಳಕೆಗೆ ಬರುತ್ತದೆ. ಇದನ್ನು ಓದಿ, ಕಾಫಿ ಒಣಗಿಸಲು ಸಣ್ಣ ಮೈಕ್ರೋಟರ್ಬೈನ್ ಇಡಬಹುದಲ್ಲ ಎಂದು ನಮ್ಮಲ್ಲಿ ಯಾರಿಗಾದರೂ ಅನಿಸಬಹುದು. 65 ಕಿಲೋವ್ಯಾಟ್ ವರ್ಗದ ಯಂತ್ರದ ವಿದ್ಯುತ್ ದಕ್ಷತೆ ಶೇ 29ರ ಆಸುಪಾಸು, ಹೊಗೆ 300 ಡಿಗ್ರಿ ದಾಟುತ್ತದೆ. ಕಾಫಿಗೆ ಅಷ್ಟು ಬಿಸಿಯೂ ಬೇಡ, ಹೊಗೆಯ ವಾಸನೆಯಂತೂ ಕೂಡದು, ನಡುವೆ ಶಾಖ ವಿನಿಮಯಕ ಬೇಕೇಬೇಕು. ಅದಕ್ಕಿಂತ ಮುಖ್ಯವಾಗಿ, ತೋಟದಲ್ಲಿ ಒಣಗಿಸುವ ಕೆಲಸ ಇರುವುದು ಕೊಯ್ಲಿನ ಕೆಲವೇ ವಾರ. ವರ್ಷವಿಡೀ ಬಿಸಿ ಬೇಡುವ ಗಿರಾಕಿ ಇಲ್ಲದ ಕಡೆ ಈ ಪದ್ಧತಿ ಲೆಕ್ಕಕ್ಕೆ ಕೂರುವುದಿಲ್ಲ. ಕಣದ ಬಿಸಿಲಿಗೆ ಇಂಗಾಲವೂ ಇಲ್ಲ, ಬಿಲ್ಲೂ ಇಲ್ಲ.

ಓಡಿಸುವ ರೀತಿ

ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕಿನಂಥವು ಹಗಲಿನ ಬೇಡಿಕೆಯನ್ನು ಹೊರುತ್ತಿರುವ ರಾಜ್ಯದಲ್ಲಿ ಅನಿಲ ಸ್ಥಾವರವನ್ನು ಸಂಜೆಗೆ, ಮೋಡ ಕವಿದ ಹೊತ್ತಿಗೆ ಕರೆಯುವುದು ಸಹಜ. ಆಗ ಸ್ಥಾವರ ಅರ್ಧ ಲೋಡಿನಲ್ಲಿ ಕುಂಟುತ್ತದೆ, ದಿನಾ ನಿಂತು ದಿನಾ ಏಳುತ್ತದೆ. ಪೂರ್ತಿ ಲೋಡಿನಲ್ಲಿ ಶೇ 55 ಇರುವ ದಕ್ಷತೆ ಅರ್ಧ ಲೋಡಿನಲ್ಲಿ ಶೇ 50ರ ಆಸುಪಾಸಿಗೆ ಬರಬಹುದು, ಅಂದರೆ ಯೂನಿಟ್ಟಿಗೆ 367ರ ಬದಲು 400 ಗ್ರಾಂ ದಾಟುತ್ತದೆ. ಎರಡು ಗ್ಯಾಸ್ ಟರ್ಬೈನ್, ಒಂದು ಸ್ಟೀಮ್ ಟರ್ಬೈನ್ ಇರುವ ಕಡೆ ಅರ್ಧ ಬೇಡಿಕೆ ಇದ್ದರೆ ಎರಡನ್ನೂ ಅರ್ಧರ್ಧ ಓಡಿಸುವ ಬದಲು ಒಂದನ್ನು ನಿಲ್ಲಿಸಿ ಇನ್ನೊಂದನ್ನು ಪೂರ್ತಿ ಓಡಿಸುವುದೇ ಸರಿ. ಓಡುವ ಒಂದೇ ಯಂತ್ರ ಟ್ರಿಪ್ ಆದೀತೆಂಬ, ಅಂದರೆ ತಟ್ಟನೆ ನಿಂತೀತೆಂಬ ಭಯಕ್ಕೆ ಎರಡನ್ನೂ ಓಡಿಸುವ ಅಭ್ಯಾಸ ಹಲವು ಕಡೆ ಬೇರೂರಿದೆ. ಅದಕ್ಕೆ ಮದ್ದು ಬ್ಯಾಟರಿ: ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2017ರಿಂದ 50 ಮೆಗಾವ್ಯಾಟ್ ಗ್ಯಾಸ್ ಟರ್ಬೈನಿನ ಪಕ್ಕದಲ್ಲಿ 10 ಮೆಗಾವ್ಯಾಟ್ ಬ್ಯಾಟರಿ ಇಟ್ಟು, ಟರ್ಬೈನ್ ಎದ್ದು ನಿಲ್ಲುವ ಕೆಲವು ನಿಮಿಷವನ್ನು ಬ್ಯಾಟರಿಯೇ ಹೊರುವಂತೆ ಮಾಡಿದ್ದಾರೆ. ಸಿದ್ಧವಾಗಿರುವುದಕ್ಕೆಂದೇ ಅನಿಲ ಸುಡುವ ಅಗತ್ಯ ಅಲ್ಲಿ ತಪ್ಪಿತು.

ನಿಲ್ಲಿಸಿದಾಗ ಚಿಮಣಿಯ ಡ್ಯಾಂಪರ್ ಮುಚ್ಚಿ ಬಾಯ್ಲರಿನ ಬಿಸಿಯನ್ನು ಹಿಡಿದಿಟ್ಟರೆ ಮರುದಿನದ ಸ್ಟಾರ್ಟ್ ಬೇಗ ಆಗುತ್ತದೆ. ತಣ್ಣಗಾದ ಬಾಯ್ಲರನ್ನು ನಿಧಾನ ಕಾಯಿಸುವ ಗಂಟೆಗಳಲ್ಲಿ ಸುಟ್ಟ ಅನಿಲಕ್ಕೆ ತಕ್ಕ ವಿದ್ಯುತ್ತು ಸಿಗುವುದಿಲ್ಲ.

ಇಂಧನ ಮತ್ತು ಸೋರಿಕೆ

ನಮ್ಮ ನೆರೆಯ ಮಂಗಳೂರಿನ ತಣ್ಣೀರುಬಾವಿಯಲ್ಲಿ 2001ರಲ್ಲಿ ಶುರುವಾದ, ತೇಲುವ ಬಾರ್ಜಿನ ಮೇಲೆ ಕಟ್ಟಿದ 220 ಮೆಗಾವ್ಯಾಟ್ ಸ್ಥಾವರ ಕಚ್ಚಾ ತೈಲದಿಂದ ಸಿಗುವ ನ್ಯಾಫ್ತಾ ಎಂಬ ದ್ರವ ಇಂಧನವನ್ನು ಸುಡುತ್ತಿತ್ತು. ಮುಂದೆ ಅದನ್ನು ಕಾಕಿನಾಡಕ್ಕೆ ಸಾಗಿಸಿ ನೈಸರ್ಗಿಕ ಅನಿಲಕ್ಕೆ ಬದಲಿಸಿದರು. ಗಿಗಾಜೂಲಿಗೆ ನ್ಯಾಫ್ತಾದ ಇಂಗಾಲದ ಡೈಆಕ್ಸೈಡ್ ಸುಮಾರು 73 ಕಿಲೋ, ಅನಿಲದ್ದು 56; ಇಂಧನ ಬದಲಿಸಿದ್ದರಿಂದಲೇ ಶೇ 23 ಇಳಿಯಿತು.

ಜಲಜನಕದ ಬಗ್ಗೆ ಮಾತ್ರ ಎಚ್ಚರ ಬೇಕು. ಶೇ 30 ಜಲಜನಕ ಬೆರೆಸಿದ್ದೇವೆ ಎಂಬ ಪ್ರಕಟಣೆಯಲ್ಲಿರುವ ಶೇಕಡಾವಾರು ಗಾತ್ರದ್ದು. ಒಂದು ಘನ ಮೀಟರ್ ಜಲಜನಕದಲ್ಲಿ 10.8 ಮೆಗಾಜೂಲ್ ಶಾಖವಿದ್ದರೆ ಮೀಥೇನಿನಲ್ಲಿ 35.8 ಇದೆ. ಲೆಕ್ಕ ಹಾಕಿದರೆ ಗಾತ್ರದಲ್ಲಿ ಶೇ 30 ಬೆರೆಸಿದಾಗ ಶಾಖದಲ್ಲಿ ಅದರ ಪಾಲು, ಅಂದರೆ ಇಂಗಾಲದ ಉಳಿತಾಯ, ಶೇ 11 ಮಾತ್ರ. ಅರ್ಧಕ್ಕರ್ಧ ಬೆರೆಸಿದರೂ ಶೇ 23. ಅದರ ಜ್ವಾಲೆ ವೇಗವಾಗಿ ಹಿಂದಕ್ಕೆ ನುಗ್ಗುವ ಸ್ವಭಾವದ್ದಾದ್ದರಿಂದ ಬರ್ನರುಗಳನ್ನು ಬದಲಿಸಬೇಕಾಗುತ್ತದೆ, ಸಾರಜನಕದ ಆಕ್ಸೈಡುಗಳ ಮೇಲೂ ಕಣ್ಣಿಡಬೇಕು. ಒಂದು ಕಿಲೋ ಜಲಜನಕವನ್ನು ನೀರಿನಿಂದ ಬೇರ್ಪಡಿಸಲು 50-55 ಯೂನಿಟ್ ಬೇಕು, ಅದನ್ನು ಶೇ 60 ದಕ್ಷತೆಯ ಸ್ಥಾವರದಲ್ಲಿ ಸುಟ್ಟರೆ ಮರಳಿ ಸಿಗುವುದು 20 ಯೂನಿಟ್. ಬಿಸಾಡಬೇಕಾದಷ್ಟು ಸೌರ ವಿದ್ಯುತ್ತು ಇರುವ ಊರಿಗೆ ಇದು ಸರಿ. ಕಲ್ಲಿದ್ದಲಿನ ಕರೆಂಟಿನಿಂದ ಜಲಜನಕ ಮಾಡಿ ಟರ್ಬೈನಿಗೆ ಹಾಕುವುದು ಇಂಗಾಲವನ್ನು ಹೆಚ್ಚಿಸುವ ದಾರಿ.

ಸುಡದೆ ಸೋರಿದ ಮೀಥೇನ್ ಇದಕ್ಕಿಂತ ಕೆಟ್ಟದ್ದು. 20 ವರ್ಷದ ಅವಧಿಗೆ ನೋಡಿದರೆ ಒಂದು ಕಿಲೋ ಮೀಥೇನ್ 80 ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡಿನಷ್ಟು ಬಿಸಿ ಏರಿಸುತ್ತದೆ. ಬಾವಿಯಿಂದ ಬರ್ನರಿನವರೆಗೆ ನೂರು ಕಿಲೋಗೆ ಮೂರು ಕಿಲೋಗಿಂತ ತುಸು ಹೆಚ್ಚು ಸೋರಿದರೆ ಸಾಕು, ಉಳಿದದ್ದನ್ನು ಸುಟ್ಟ ಹೊಗೆಯಷ್ಟೇ ಹಾನಿ ಸೋರಿಕೆಯಿಂದಲೂ ಆಗುತ್ತದೆ. ಪೈಪುಗಳು ಕೂಡುವ ಫ್ಲ್ಯಾಂಜ್ ಮತ್ತು ವಾಲ್ವಿನ ಕುತ್ತಿಗೆಗೆ ಸಾಬೂನು ನೀರು ಹಚ್ಚಿ ಗುಳ್ಳೆ ನೋಡುವ ಹಳೆಯ ಕ್ರಮವೂ ಸಾಕು, ಅತಿಕೆಂಪು ಕ್ಯಾಮೆರಾ ಇದ್ದರೆ ಇನ್ನೂ ಒಳ್ಳೆಯದು. ದುರಸ್ತಿಗೆಂದು ಪೈಪನ್ನು ಖಾಲಿ ಮಾಡುವ ಮುನ್ನ ಒಳಗಿನ ಅನಿಲವನ್ನು ಆದಷ್ಟು ಟರ್ಬೈನಿನಲ್ಲೇ ಸುಟ್ಟು ಒತ್ತಡ ಇಳಿಸಿ, ಆಮೇಲೆ ಉಳಿದದ್ದನ್ನು ಹೊರಬಿಡುವ ಕ್ರಮವನ್ನು ಕೆಲಸದ ಪರ್ಮಿಟ್ಟಿನಲ್ಲೇ ಬರೆಸಬೇಕು.

ಇಂಗಾಲ ಹಿಡಿಯುವುದು

ಇಷ್ಟಾದ ಮೇಲೂ ಉಳಿಯುವ ಇಂಗಾಲದ ಡೈಆಕ್ಸೈಡನ್ನು ಹೊಗೆಯಿಂದ ಬೇರ್ಪಡಿಸಬಹುದು. ಅಮೀನ್ ಎಂಬ ರಾಸಾಯನಿಕದ ದ್ರಾವಣ 40-50 ಡಿಗ್ರಿಯಲ್ಲಿ ಅದನ್ನು ಹೀರಿಕೊಂಡು, 120 ಡಿಗ್ರಿಯ ಸುಮಾರಿಗೆ ಕಾಯಿಸಿದಾಗ ಬಿಟ್ಟುಕೊಡುತ್ತದೆ. ಇದು ಹೊಸ ವಿದ್ಯೆಯಲ್ಲ: ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್‌ನಲ್ಲಿ 1991ರಿಂದ 2005ರವರೆಗೆ ಗ್ಯಾಸ್ ಟರ್ಬೈನಿನ ಹೊಗೆಯ ಒಂದು ಭಾಗದಿಂದ ಇದೇ ವಿಧಾನದಲ್ಲಿ ಇಂಗಾಲದ ಡೈಆಕ್ಸೈಡನ್ನು ತೆಗೆದು ಮಾರುತ್ತಿದ್ದರು. ತೊಡಕಿರುವುದು ಹೊಗೆಯ ಸ್ವರೂಪದಲ್ಲಿ. ಕಲ್ಲಿದ್ದಲಿನ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಶೇ 12-14 ಇದ್ದರೆ ಗ್ಯಾಸ್ ಟರ್ಬೈನಿನ ಹೊಗೆಯಲ್ಲಿ ಶೇ 3-4 ಮಾತ್ರ; ದೊಡ್ಡ ಯಂತ್ರದಲ್ಲಿ ಸೆಕೆಂಡಿಗೆ 600 ಕಿಲೋಗೂ ಹೆಚ್ಚು ಹೊಗೆಯನ್ನು ತೊಳೆಯಬೇಕು, ಅದರಲ್ಲಿ ಧಾರಾಳವಾಗಿರುವ ಆಮ್ಲಜನಕ ಅಮೀನನ್ನು ಕೆಡಿಸುತ್ತದೆ. ಹೊಗೆಯ ಒಂದು ಪಾಲನ್ನು ತಣಿಸಿ ಮತ್ತೆ ಕಂಪ್ರೆಸರಿನ ಬಾಯಿಗೆ ಕೊಟ್ಟರೆ ಇಂಗಾಲದ ಡೈಆಕ್ಸೈಡಿನ ಪಾಲು ಏರಿ ಆಮ್ಲಜನಕ ತಗ್ಗುತ್ತದೆ. ಇದಕ್ಕೆ ಯಂತ್ರ ತಯಾರಕರ ಒಪ್ಪಿಗೆ ಮೊದಲು ಬೇಕು.

ಅಮೀನನ್ನು ಕಾಯಿಸಲು ಸ್ಟೀಮ್ ಬೇಕು, ಹಿಡಿದ ಅನಿಲವನ್ನು 100 ಬಾರ್‌ಗೂ ಹೆಚ್ಚು ಒತ್ತಲು ವಿದ್ಯುತ್ತು ಬೇಕು. ಒಟ್ಟಿನಲ್ಲಿ ಶೇ 55ರ ಸ್ಥಾವರ ಶೇ 48ರ ಸುಮಾರಿಗೆ ಇಳಿಯುತ್ತದೆ. ಶೇ 90 ಹಿಡಿದರೆ ಯೂನಿಟ್ಟಿನ ಇಂಗಾಲದ ಡೈಆಕ್ಸೈಡ್ 42 ಗ್ರಾಂಗೆ ಬರುವುದು ನಿಜವಾಗಿಯೂ ದೊಡ್ಡ ಸಾಧನೆ. ಆದರೆ ಅದೇ ಯೂನಿಟ್ಟಿಗೆ ಸುಡುವ ಅನಿಲ ಶೇ 15ರಷ್ಟು ಹೆಚ್ಚುತ್ತದೆ, ದಾರಿಯ ಸೋರಿಕೆಯೂ ಅಷ್ಟೇ ಹೆಚ್ಚುತ್ತದೆ. ಹಿಡಿದದ್ದನ್ನು ಇಡಲು ತಕ್ಕ ನೆಲವೂ ಬೇಕು. ನಾರ್ವೆಯ ಸ್ಲೈಪ್‌ನರ್‌ನಲ್ಲಿ 1996ರಿಂದ ನೈಸರ್ಗಿಕ ಅನಿಲದಿಂದ ಬೇರ್ಪಡಿಸಿದ ಇಂಗಾಲದ ಡೈಆಕ್ಸೈಡನ್ನು ಸಮುದ್ರದ ಅಡಿಯ ಮರಳುಗಲ್ಲಿಗೆ ತುಂಬುತ್ತ ಬಂದಿದ್ದಾರೆ, ಐಸ್‌ಲ್ಯಾಂಡಿನಲ್ಲಿ ಬಸಾಲ್ಟ್ ಶಿಲೆಯೊಳಗೆ ಅದನ್ನು ಕಲ್ಲಾಗಿಸಿದ್ದಾರೆ. ಕೊಡಗಿನ ಕೆಳಗಿರುವಂತಹ ಗಟ್ಟಿ ಶಿಲೆಯಲ್ಲಿ ಅನಿಲ ತುಂಬಲು ರಂಧ್ರಗಳಿಲ್ಲ.

ನನ್ನ ತೀರ್ಮಾನ ಹೀಗಿದೆ: ವರ್ಷದ ಬಹುಪಾಲು ಗಂಟೆ ಓಡುವ, ಪಕ್ಕದಲ್ಲಿ ಹೂಳುವ ನೆಲ ಇರುವ ಸ್ಥಾವರಕ್ಕೆ ಅಮೀನ್ ಘಟಕ ತಕ್ಕದ್ದು. ಭಾರತದ ಅನಿಲ ಸ್ಥಾವರಗಳಲ್ಲಿ ಹಲವು ಅನಿಲದ ಬೆಲೆಯ ಕಾರಣ ವರ್ಷದ ಹೆಚ್ಚು ಹೊತ್ತು ಸುಮ್ಮನಿರುತ್ತವೆ. ಅಂಥವುಗಳ ಪಕ್ಕದಲ್ಲಿ ದುಬಾರಿ ಘಟಕವೂ ಸುಮ್ಮನೆ ಕೂರುತ್ತದೆ. ಅಲ್ಲಿ ಹಣವನ್ನು ಬ್ಯಾಟರಿಗೆ, ಡ್ಯಾಂಪರಿಗೆ, ಸೋರಿಕೆ ತಡೆಗೆ ಹಾಕುವುದು ಮೇಲು.

ವರದಿ

ವರ್ಷದ ವರದಿ ಬರೆಯುವಾಗ ಯೂನಿಟ್ಟಿಗೆ ಎಷ್ಟು ಗ್ರಾಂ ಎಂಬುದರ ಜೊತೆಗೆ ಒಟ್ಟು ಎಷ್ಟು ಟನ್ ಎಂಬುದನ್ನೂ ಕೊಡಬೇಕು, ಏಕೆಂದರೆ ದಕ್ಷತೆ ಹೆಚ್ಚಿದ ಸ್ಥಾವರವನ್ನು ಜಾಲ ಹೆಚ್ಚು ಹೊತ್ತು ಓಡಿಸಿದರೆ ಮೊದಲನೆಯದು ಇಳಿದು ಎರಡನೆಯದು ಏರುವುದುಂಟು. ಸ್ಟಾರ್ಟುಗಳಲ್ಲಿ ಸುಟ್ಟ ಅನಿಲ ಮತ್ತು ಹೊರಬಿಟ್ಟ ಮೀಥೇನ್ ಪ್ರತ್ಯೇಕ ಸಾಲಿನಲ್ಲಿರಲಿ. ಮರ ನೆಟ್ಟದ್ದನ್ನು ಇದರಲ್ಲಿ ಕಳೆಯಬಾರದು. ಕೊಡಗಿನ ಕಾಫಿ ತೋಟದ ನೆರಳಿನ ಮರಗಳನ್ನು ತೋರಿಸಿ ದೂರದ ಚಿಮಣಿಯೊಂದರ ಲೆಕ್ಕ ಹಗುರ ಮಾಡಲು ಕೇಳಿಕೊಂಡು ಬರುವವರಿಗೆ, ಆ ಮರಗಳು ಸ್ಥಾವರಕ್ಕಿಂತ ಮೊದಲೇ ಅಲ್ಲಿದ್ದವು ಎಂದು ಹೇಳಿ, ಲೆಕ್ಕವನ್ನು ಅನಿಲದ ಮೀಟರಿನಿಂದಲೇ ಶುರುಮಾಡುವಂತೆ ತಿಳಿಸಬೇಕು.